ಜಮಾಖರ್ಚಿಗೆ ಬಾರದ ಮುಳುಗಡೆ

"ಪರಿಸರ ಪರಿಣಾಮದ ವರದಿ, ಸಾರ್ವಜನಿಕ ಅಹವಾಲು, ತಜ್ಞರ ಸಮಿತಿ ಇವೆಲ್ಲ ಕೆಲಸ ಕೆಡಿಸುವ ಕಾಗದಪತ್ರಗಳು. ಲಿಂಗನಮಕ್ಕಿ ಕಟ್ಟುವಾಗ ಇವು ಒಂದೂ ಇರಲಿಲ್ಲ. ಆದುದರಿಂದಲೇ ಅಣೆಕಟ್ಟೆ ಎದ್ದಿತು, ನಾಡಿಗೆ ಬೆಳಕು ಬಂದಿತು" ಎಂದು ಈಚೆಗೆ ನಮ್ಮ ಸಮಾಜದ ಸಭೆಯೊಂದರಲ್ಲಿ ಹಿರಿಯ ವರ್ತಕರೊಬ್ಬರು ನುಡಿದರು. ಸಭೆಯಲ್ಲಿ ಅನೇಕರು ತಲೆದೂಗಿದರು. ನಾನೂ ವರ್ತಕನೇ. ಸುಮಾರು ನಾಲ್ಕು ದಶಕ ಅಡಿಕೆ, ದಿನಸಿಗಳ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡವನು. ಆ ಹಿರಿಯರಲ್ಲಿ ನನಗೆ ಗೌರವವುಂಟು. ಆದರೆ ಅವರ ಮಾತಿನಲ್ಲಿ ಲೆಕ್ಕದ ತಪ್ಪಿದೆ. ಆ ತಪ್ಪನ್ನು ವರ್ತಕರ ಭಾಷೆಯಲ್ಲಿಯೇ ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಒಂದು ಹಳೆಯ ಖಾತೆ

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸೀಮೆಯನ್ನು ಹಾದು, ಸಾಗರ ತಾಲೂಕಿನಲ್ಲಿ ಜೋಗದ ಬಂಡೆಗಳಿಂದ ಧುಮುಕುವ ಶರಾವತಿಗೆ ಮೊದಲು ಕಟ್ಟಿದ ದೊಡ್ಡ ಅಣೆಕಟ್ಟೆ ಮಡೆನೂರಿನ ಹಿರೇಭಾಸ್ಕರ. ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಆರಂಭವಾದದ್ದು ಆ ನೀರಿನ ಬಲದಿಂದ. ೧೯೬೪ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಹಿರೇಭಾಸ್ಕರವೇ ನೀರಿನೊಳಗಾಯಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಹಳೆಯ ಕಟ್ಟೆ ಮತ್ತೆ ತಲೆಯೆತ್ತುವುದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಸುಮಾರು ೧೫೧ ಟಿ.ಎಂ.ಸಿ. ನೀರು ನಿಲ್ಲುವ, ಸಮುದ್ರಮಟ್ಟದಿಂದ ೧,೮೧೯ ಅಡಿಗಳ ಪೂರ್ಣಮಟ್ಟದ ಈ ಜಲಾಶಯ ಹರಡಿಕೊಂಡದ್ದು ಸುಮಾರು ೩೦೦ ಚದರ ಕಿಲೋಮೀಟರು ನೆಲದ ಮೇಲೆ. ಆ ನೆಲದಲ್ಲಿ ಅಡಿಕೆ ತೋಟಗಳಿದ್ದವು, ಗದ್ದೆಗಳಿದ್ದವು, ಕಾಡು ಇತ್ತು, ಗುಡಿ ಬಸದಿಗಳಿದ್ದವು, ಊರುಗಳಿದ್ದವು.

ನಮ್ಮ ತಂದೆಯವರ ಅಂಗಡಿಯ ಖಾತೆಪುಸ್ತಕವೊಂದು ನನ್ನಲ್ಲಿದೆ. ಕಡ ಕೊಂಡವರ ಹೆಸರು, ಊರು, ಅಡಿಕೆ ಕೊಯ್ಲಾದ ಮೇಲೆ ಜಮೆ ಮಾಡಿದ ಹಣ ಎಲ್ಲವೂ ಅದರಲ್ಲಿವೆ. ಕೆಲವು ಪುಟಗಳಲ್ಲಿ ೧೯೬೪ರ ಮಳೆಗಾಲದಿಂದ ಈಚೆಗೆ ಯಾವ ಬರಹವೂ ಇಲ್ಲ. ಪುಟದ ಅಡಿಯಲ್ಲಿ ತಂದೆಯವರ ಕೈಬರಹದಲ್ಲಿ ಒಂದೇ ವಾಕ್ಯ: "ಊರು ಮುಳುಗಿದೆ, ಬಾಕಿ ಕೇಳತಕ್ಕದ್ದಲ್ಲ." ಆಗ ನಾನು ಎಳೆಯ ಮಗು. ದೊಡ್ಡವನಾಗಿ ಬಿ.ಕಾಂ. ಓದಿ ಅಂಗಡಿಗೆ ಬಂದಾಗ ಈ ಪುಟಗಳ ಅರ್ಥ ಕೇಳಿದೆ. "ಅವರು ನನಗೆ ಕೊಡಬೇಕಾದದ್ದನ್ನು ನಾನು ಬಿಟ್ಟೆ. ಅವರಿಗೆ ಬರಬೇಕಾದದ್ದನ್ನು ಯಾರು ಬರೆದಿಟ್ಟಿದ್ದಾರೋ, ನನಗೆ ತಿಳಿಯದು" ಎಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಲಿಂಗನಮಕ್ಕಿಯ ಜಮೆಯ ಪಕ್ಕ ದೊಡ್ಡದು. ಅದನ್ನು ಅಲ್ಲಗಳೆಯುವವನು ಕೃತಘ್ನ. ೧,೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ಕರ್ನಾಟಕದ ಕಾರ್ಖಾನೆಗಳಿಗೂ ಮನೆಗಳಿಗೂ ಅತಿ ಅಗ್ಗದ ವಿದ್ಯುತ್ತನ್ನು ಕೊಟ್ಟಿತು. ಆದರೆ ಖರ್ಚಿನ ಪಕ್ಕವನ್ನು ಯಾರಾದರೂ ಪೂರ್ತಿಯಾಗಿ ಬರೆದರೇ? ನೀರು ಸುತ್ತುವರಿದ ಮೇಲೆ ಕರೂರು, ಬಾರಂಗಿ ಹೋಬಳಿಗಳ ಜನ ತಾಲೂಕು ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ ಸಾಗರದ ಹಾದಿ ಹಿಡಿಯಲು ಲಾಂಚಿಗಾಗಿ ಕಾಯಬೇಕಾಯಿತು. ಸಂಜೆ ಲಾಂಚು ನಿಂತ ಬಳಿಕ ಹೆರಿಗೆನೋವು ಬಂದ ಹೆಂಗಸಿನ ಪಾಡನ್ನು ಯಾವ ಅಂದಾಜುಪಟ್ಟಿಯಲ್ಲಿ ಸೇರಿಸಿದ್ದರು? ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು ೨೦೨೫ರ ಜುಲೈ ೧೪ರಂದು. ತಗುಲಿದ ವೆಚ್ಚ ೪೭೦ ಕೋಟಿ ರೂಪಾಯಿಗೂ ಹೆಚ್ಚು. ಇದನ್ನು ಹೊಸ ಅಭಿವೃದ್ಧಿ ಎಂದು ಕೊಂಡಾಡಿದರು. ಲೆಕ್ಕ ಬಲ್ಲವನು ಇದನ್ನು ಬೇರೆ ಹೆಸರಿನಿಂದ ಕರೆಯುತ್ತಾನೆ. ೧೯೬೪ರ ಯೋಜನೆಯ ಖರ್ಚಿನ ಒಂದು ಬಾಬ್ತು ೬೧ ವರ್ಷ ತಡವಾಗಿ ಪಾವತಿಯಾಯಿತು, ಅದೂ ಬಡ್ಡಿಯಿಲ್ಲದೆ.

ಇನ್ನೊಂದು ಬಾಬ್ತು ಇನ್ನೂ ಕಹಿಯಾದದ್ದು. ಮುಳುಗಡೆಯ ಸಂತ್ರಸ್ತರನ್ನು ಕಾಡಿನ ಅಂಚಿನ ನೆಲಗಳಿಗೆ ಕಳುಹಿಸಿದರು. ಆ ನೆಲದ ಹಕ್ಕನ್ನು ಸಕ್ರಮವಾಗಿ ಕೊಡಲಿಲ್ಲ. ಅರಣ್ಯದ ಪಟ್ಟಿಯಿಂದ ಅದನ್ನು ಕೈಬಿಡಲು ರಾಜ್ಯ ಸರ್ಕಾರ ಎಷ್ಟೋ ಕಾಲದ ಮೇಲೆ ಹೊರಡಿಸಿದ ಆದೇಶಗಳು, ಕೇಂದ್ರದ ಪೂರ್ವಾನುಮತಿ ಇಲ್ಲವೆಂಬ ಕಾರಣದಿಂದ, ೨೦೨೧ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದವು. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ತಮ್ಮ ಮನೆಯ ಅಡಿಯ ನೆಲಕ್ಕಾಗಿ ಅರ್ಜಿ ಹಿಡಿದು ಅಲೆದರು. ಸಾಗರದಲ್ಲಿಯೇ ನೆಲೆಸಿದ್ದ ಸಾಹಿತಿ ನಾ. ಡಿಸೋಜರು ಈ ದುಃಖವನ್ನು ಕಾದಂಬರಿಗಳಲ್ಲಿ ಬರೆದಿಟ್ಟರು. ಕಾದಂಬರಿಕಾರ ಬರೆದದ್ದನ್ನು ಲೆಕ್ಕಿಗರು ಬರೆಯದೆ ಹೋದದ್ದು ನಮ್ಮ ವೃತ್ತಿಗೆ ನಾಚಿಕೆಯ ಸಂಗತಿ.

ಹಾಗಾದರೆ ಪರಿಸರ ಪರಿಣಾಮದ ಅಧ್ಯಯನವೆಂದರೇನು? ಮುಳುಗಿದ ಮೇಲೆ ಬರೆಯಬೇಕಾಗುವ ಖರ್ಚನ್ನು ಮುಳುಗಿಸುವ ಮುನ್ನವೇ ಬರೆಯುವುದು. ಇದರಲ್ಲಿ ಪ್ರಗತಿಯ ವಿರೋಧವೇನಿದೆ? ಖರ್ಚನ್ನು ಬರೆಯದೆ ಲಾಭ ತೋರಿಸುವ ಅಂಗಡಿಯನ್ನು ನಾವು ಲಾಭದ ಅಂಗಡಿ ಎನ್ನುವುದಿಲ್ಲ.

ಕ್ರಮ ಚೆನ್ನಾಗಿದೆ, ಕಾಗದದ ಮೇಲೆ

ಅಮೆರಿಕದಲ್ಲಿ ಈ ಬಗೆಯ ಕಾನೂನು ೧೯೭೦ರಲ್ಲಿ ಜಾರಿಗೆ ಬಂದಿತು. ನಮ್ಮಲ್ಲಿ ನದೀಕಣಿವೆ ಯೋಜನೆಗಳ ಪರಿಶೀಲನೆ ೧೯೭೦ರ ದಶಕದ ಕೊನೆಯಲ್ಲಿ ತೊಡಗಿತು. ಅದಕ್ಕೆ ಕಾನೂನಿನ ಕಟ್ಟು ದೊರೆತದ್ದು ೧೯೯೪ರ ಜನವರಿ ೨೭ರ ಅಧಿಸೂಚನೆಯಿಂದ. ಸಾರ್ವಜನಿಕ ಅಹವಾಲು ಕಡ್ಡಾಯವಾದದ್ದು ೧೯೯೭ರಲ್ಲಿ. ೨೦೦೬ರ ಸೆಪ್ಟೆಂಬರ್ ೧೪ರ ಅಧಿಸೂಚನೆ ಹಳೆಯದರ ಸ್ಥಾನದಲ್ಲಿ ಬಂದಿತು.

ಅದರ ಕ್ರಮ ಹೀಗಿದೆ. ದೊಡ್ಡ ಯೋಜನೆಯಾದರೆ ಕೇಂದ್ರದ ತಜ್ಞರ ಸಮಿತಿ ಏನನ್ನು ಅಧ್ಯಯನ ಮಾಡಬೇಕೆಂದು ಮೊದಲು ಗೊತ್ತುಮಾಡುತ್ತದೆ. ಯೋಜನೆಯವರು ಕರಡು ವರದಿಯನ್ನು ಸಿದ್ಧಪಡಿಸುತ್ತಾರೆ. ಕನಿಷ್ಠ ೩೦ ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಸ್ಥಳದಲ್ಲಿಯೇ ಅಹವಾಲು ಸಭೆ ಏರ್ಪಡಿಸುತ್ತದೆ. ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಪ್ರತಿನಿಧಿ ಅದರ ಅಧ್ಯಕ್ಷತೆ ವಹಿಸುತ್ತಾರೆ. ಜನರ ಮಾತುಗಳನ್ನು ಚಿತ್ರೀಕರಿಸಿ, ನಡಾವಳಿಯನ್ನು ಸಭೆಯಲ್ಲಿಯೇ ಓದಿ ಹೇಳಬೇಕು. ಜನ ಎತ್ತಿದ ಆಕ್ಷೇಪಗಳಿಗೆ ಉತ್ತರಿಸಿ ವರದಿಯನ್ನು ತಿದ್ದಿದ ಮೇಲೆ ತಜ್ಞರ ಸಮಿತಿ ಅದನ್ನು ತೂಗಿ ನೋಡುತ್ತದೆ. ಮಂಜೂರಾತಿ ದೊರೆತರೆ ಷರತ್ತುಗಳಿರುತ್ತವೆ, ಅರ್ಧ ವರ್ಷಕ್ಕೊಮ್ಮೆ ಪಾಲನಾ ವರದಿ ಸಲ್ಲಿಸಬೇಕು. ಒಪ್ಪದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು.

ಇಷ್ಟು ಓದಿದವರಿಗೆ ಇದು ಸುವ್ಯವಸ್ಥಿತ ಕ್ರಮವೆಂದೇ ತೋರುತ್ತದೆ. ನನ್ನ ತಕರಾರು ಕ್ರಮದ ಮೇಲಲ್ಲ, ಅದರ ಮರ್ಮಸ್ಥಾನಗಳಲ್ಲಿ ಬಿಟ್ಟಿರುವ ರಂಧ್ರಗಳ ಮೇಲೆ. ಹಿರಿಯ ವರ್ತಕರು ಈ ಕ್ರಮ ಅತಿಯಾಯಿತೆಂದು ದೂರುತ್ತಾರೆ. ಇದು ಸಾಲದು ಎಂಬುದೇ ನನ್ನ ದೂರು.

ಲೆಕ್ಕ ಬರೆಯುವವನು ಯಾರ ಮನುಷ್ಯ?

ಮೊದಲನೆಯ ರಂಧ್ರವೇ ಎಲ್ಲಕ್ಕಿಂತ ದೊಡ್ಡದು. ವರದಿ ಬರೆಯುವ ಸಲಹಾಸಂಸ್ಥೆಯನ್ನು ಆರಿಸುವವರು ಯೋಜನೆಯವರೇ. ಶುಲ್ಕ ಕೊಡುವವರೂ ಅವರೇ. ಸಂಸ್ಥೆಗೆ ಮಾನ್ಯತೆ ಇರಬೇಕೆಂಬ ನಿಯಮವಿದೆ, ಸರಿ. ಆದರೆ "ಈ ಯೋಜನೆ ಇಲ್ಲಿ ಬೇಡ" ಎಂದು ಬರೆದ ಸಂಸ್ಥೆಗೆ ಮುಂದಿನ ಕೆಲಸ ಯಾರು ಕೊಡುತ್ತಾರೆ?

ವಾಣಿಜ್ಯಶಾಸ್ತ್ರ ಓದಿದ ಯಾವ ವಿದ್ಯಾರ್ಥಿಗೂ ಗೊತ್ತಿರುವ ಪಾಠ ಒಂದಿದೆ: ಲೆಕ್ಕಪರಿಶೋಧಕನನ್ನು ನೇಮಿಸುವ ಅಧಿಕಾರ ವ್ಯವಸ್ಥಾಪಕನದಲ್ಲ, ಷೇರುದಾರರ ಸಭೆಯದು. ಕಂಪೆನಿಯೊಡನೆ ವ್ಯವಹಾರದ ಹಿತಾಸಕ್ತಿ ಉಳ್ಳವನು ಪರಿಶೋಧಕನಾಗುವಂತಿಲ್ಲ. ಸರ್ಕಾರಿ ಕಂಪೆನಿಯಾದರಂತೂ ೨೦೧೩ರ ಕಂಪೆನಿ ಕಾಯಿದೆಯ ಪ್ರಕಾರ ಪರಿಶೋಧಕನನ್ನು ನೇಮಿಸುವವರು ಭಾರತದ ನಿಯಂತ್ರಕ ಮತ್ತು ಮಹಾಲೇಖಪಾಲರು. ನಮ್ಮ ಕರ್ನಾಟಕ ವಿದ್ಯುತ್ ನಿಗಮವೂ ಸರ್ಕಾರಿ ಕಂಪೆನಿಯೇ. ಅದರ ಹಣದ ಲೆಕ್ಕ ನೋಡುವವನನ್ನು ಅದು ತಾನೇ ಆರಿಸುವಂತಿಲ್ಲ. ಕಾಡು, ನದಿ, ಜನರ ಲೆಕ್ಕ ಬರೆಯುವವನನ್ನು ಮಾತ್ರ ತಾನೇ ಆರಿಸಬಹುದು! ರೂಪಾಯಿಗೆ ಕೊಟ್ಟ ಕಾವಲನ್ನು ಶರಾವತಿಗೆ ಏಕೆ ಕೊಡಬಾರದು? ಕಳೆದ ರೂಪಾಯಿಯನ್ನು ಮತ್ತೆ ಗಳಿಸಬಹುದು. ಮುಳುಗಿದ ಕಣಿವೆಯನ್ನು ಗಳಿಸಲಾಗದು.

ಪರಿಹಾರ ಕಷ್ಟದ್ದೇನಲ್ಲ. ಯೋಜನೆಯವರು ಅಧ್ಯಯನದ ವೆಚ್ಚವನ್ನು ಸ್ವತಂತ್ರ ನಿಧಿಯೊಂದಕ್ಕೆ ಕಟ್ಟಲಿ. ನಿಧಿಯು ಸಂಸ್ಥೆಯನ್ನು ಆರಿಸಲಿ. ಕಂಪೆನಿ ಕಾಯಿದೆಯಲ್ಲಿ ಈ ತತ್ತ್ವ ಆಗಲೇ ಇದೆ.

ಐಚ್ಛಿಕವಾದ ಅಧ್ಯಾಯ

೨೦೦೬ರ ಅಧಿಸೂಚನೆಯು ವರದಿಯ ಅಧ್ಯಾಯಗಳನ್ನು ಗೊತ್ತುಮಾಡಿದೆ. ಪರ್ಯಾಯಗಳ ವಿಶ್ಲೇಷಣೆಗೆ ಒಂದು ಅಧ್ಯಾಯ, ಯೋಜನೆಯ ಪ್ರಯೋಜನಗಳಿಗೆ ಒಂದು ಅಧ್ಯಾಯ. ಅದರ ಬೆನ್ನಿಗೇ ಪರಿಸರದ ಲಾಭ-ನಷ್ಟಗಳ ತುಲನೆಗೆ ಒಂದು ಅಧ್ಯಾಯ. ಆದರೆ ಈ ಕೊನೆಯದಕ್ಕೆ ಒಂದು ಷರತ್ತು: ಅಧ್ಯಯನದ ವ್ಯಾಪ್ತಿಯನ್ನು ಗೊತ್ತುಮಾಡುವ ಹಂತದಲ್ಲಿ ಶಿಫಾರಸು ಮಾಡಿದ್ದರೆ ಮಾತ್ರ ಅದು ಬೇಕು. ಎಂದರೆ ಪ್ರಯೋಜನಗಳನ್ನು ಬರೆಯುವುದು ಕಡ್ಡಾಯ, ಪ್ರಯೋಜನವನ್ನೂ ಹಾನಿಯನ್ನೂ ಎದುರುಬದುರು ಇಟ್ಟು ತೂಗುವುದು ಐಚ್ಛಿಕ. ಜಮೆ ಬರೆದೇ ತೀರಬೇಕು, ತಾಳೆ ನೋಡುವುದು ಇಷ್ಟವಿದ್ದರೆ ಮಾತ್ರ. ಇಂಥ ಪುಸ್ತಕ ಇಟ್ಟುಕೊಂಡ ಗುಮಾಸ್ತನನ್ನು ನಮ್ಮಲ್ಲಿ ಯಾರಾದರೂ ಒಂದು ತಿಂಗಳು ಅಂಗಡಿಯಲ್ಲಿ ಇರಿಸಿಕೊಳ್ಳುತ್ತೇವೆಯೇ?

ಹೆಸರು ಬದಲಾದರೆ ಅಧ್ಯಯನವೇ ಬೇಡ

ಮೂರನೆಯ ರಂಧ್ರ ಹೆಸರಿನದು. ಕುಡಿಯುವ ನೀರಿನ ಯೋಜನೆ ಅಧಿಸೂಚನೆಯ ಪಟ್ಟಿಯಲ್ಲಿಲ್ಲ. ಸಕಲೇಶಪುರದ ಕಾಡುಗಳಲ್ಲಿ ಬೆಟ್ಟ ಕಡಿದು ಕೊಳವೆ ಹೂಳಿದ ಎತ್ತಿನಹೊಳೆ ಯೋಜನೆ, ಕುಡಿಯುವ ನೀರಿಗೆಂಬ ನೆಲೆಯಲ್ಲಿ, ಪರಿಸರದ ಪೂರ್ವಾನುಮತಿಯ ಹೊರಗೆ ಉಳಿಯಿತು. ೨೦೧೯ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಸರ್ಕಾರದಿಂದ ಬಂದಿತು. ಜುಲೈ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯೇ ಬಂದ್ ಆಚರಿಸಿ ಪ್ರತಿಭಟಿಸಿತು. ಸಾಗರ, ಹೊಸನಗರಗಳಲ್ಲಿ ಅಂಗಡಿ ಮುಚ್ಚಿದವರಲ್ಲಿ ನಾವೂ ಇದ್ದೆವು. ಅಂದು ಜನ ಬೀದಿಗಿಳಿಯದೆ ಇದ್ದಿದ್ದರೆ ಏನಾಗುತ್ತಿತ್ತು? ಘಟ್ಟದಿಂದ ರಾಜಧಾನಿಯವರೆಗೆ ನದಿಯನ್ನೇ ತಿರುಗಿಸುವ ಯೋಜನೆಗೂ "ಕುಡಿಯುವ ನೀರು" ಎಂಬ ಪಟ್ಟಿ ಅಂಟಿಸಿದರೆ ಕಡ್ಡಾಯ ಅಧ್ಯಯನವಿಲ್ಲ, ಅಹವಾಲು ಸಭೆಯಿಲ್ಲ. ವಿದ್ಯುತ್ತನ್ನು ಸಾಗಿಸುವ ತಂತಿಮಾರ್ಗವೂ ಪಟ್ಟಿಯಲ್ಲಿಲ್ಲ. ವಿದ್ಯುದಾಗಾರಕ್ಕೆ ವರದಿ ಬೇಕು, ಅದರಿಂದ ಹೊರಡುವ ತಂತಿಗಾಗಿ ಕಾಡಿನಲ್ಲಿ ತೆರೆಯುವ ದಾರಿಗೆ ಈ ಅಧಿಸೂಚನೆಯ ವರದಿ ಬೇಡ. ಹಾನಿಯು ಹೆಸರನ್ನು ನೋಡಿ ಆಗುವುದಿಲ್ಲ.

ಆಲಿಸುವ ಮುನ್ನವೇ ಟೆಂಡರು

ಈಗ ನಮ್ಮ ಕಣ್ಣೆದುರಿನ ಸಂಗತಿಗೆ ಬರೋಣ. ತಳಕಳಲೆ ಜಲಾಶಯವನ್ನು ಮೇಲಿನ ಕೊಳವಾಗಿಯೂ, ಚತುರ್ಮುಖ ಬಸದಿಯಿರುವ ಗೇರುಸೊಪ್ಪೆಯ ಜಲಾಶಯವನ್ನು ಕೆಳಗಿನ ಕೊಳವಾಗಿಯೂ ಮಾಡಿಕೊಂಡು, ನಡುವೆ ನೆಲದೊಳಗೆ ಸುರಂಗ ಕೊರೆದು, ೨,೦೦೦ ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಕಟ್ಟುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ವಿದ್ಯುತ್ ನಿಗಮವು ಮುಂದಿಟ್ಟಿತು. ವಿದ್ಯುತ್ತು ಮಿಗುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ತು ಪಡೆಯುವುದು ಇದರ ತತ್ತ್ವ. ಎತ್ತಲು ಬೇಕಾಗುವ ವಿದ್ಯುತ್ತು ಇಳಿಯುವಾಗ ಬರುವುದಕ್ಕಿಂತ ಹೆಚ್ಚು. ಇದು ವಿದ್ಯುತ್ತನ್ನು ಕೂಡಿಡುವ ಕಣಜವೇ ಹೊರತು ಬೆಳೆಯುವ ಹೊಲವಲ್ಲ. ಕಾಮಗಾರಿಯ ನೆಲೆಯಾದ ಶರಾವತಿ ಕಣಿವೆಯು ಸಿಂಗಳೀಕಗಳ ಅಭಯಾರಣ್ಯ. ೨೦೧೯ರಲ್ಲಿ ಸರ್ಕಾರವೇ ಆ ಹೆಸರಿಟ್ಟು, ೯೩೦ ಚದರ ಕಿಲೋಮೀಟರಿಗೆ ಅದನ್ನು ವಿಸ್ತರಿಸಿತು. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಹೋಗುವ ಆ ಜೀವಿಗೆ ಕೊಂಬೆಗಳ ಸಾಲು ಒಂದೆಡೆ ಕಡಿದರೆ ಊರಿನ ರಸ್ತೆಯೇ ಕಡಿದಂತೆ.

ಸಾರ್ವಜನಿಕ ಅಹವಾಲು ನಡೆದದ್ದು ೨೦೨೫ರ ಸೆಪ್ಟೆಂಬರಿನಲ್ಲಿ, ಸಾಗರ ತಾಲೂಕಿನ ಕಾರ್ಗಲ್ಲಿನಲ್ಲಿಯೂ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿಯೂ. ಕಾಮಗಾರಿಯ ಟೆಂಡರು ಪ್ರಕ್ರಿಯೆ ನಡೆದದ್ದು ಅದಕ್ಕಿಂತ ಮುಂಚೆ. ವಾಚಕರು ಇದನ್ನು ವಿಚಾರಿಸಬೇಕು. ಹೆಣ್ಣು ನೋಡುವ ಮುನ್ನವೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಮನೆಯವರು, ಆಮೇಲೆ ಹುಡುಗಿಯನ್ನು ಕರೆದು "ನಿನ್ನ ಅಭಿಪ್ರಾಯವೇನಮ್ಮ?" ಎಂದು ಕೇಳಿದರೆ ಅದು ಕೇಳುವಿಕೆಯೇ? ಸಾವಿರಾರು ಕೋಟಿಯ ಗುತ್ತಿಗೆಯ ಮಾತು ಆದ ಮೇಲೆ ಜನರ ಆಕ್ಷೇಪಕ್ಕೆ ಯೋಜನೆಯನ್ನು ನಿಲ್ಲಿಸುವ ಬಲವಿದೆಯೆಂದು ಯಾವ ರೈತ ನಂಬಬೇಕು?

ಅಹವಾಲಿನ ಭಾಷೆಯ ವಿಷಯವೂ ಇದೆ. ನಿಯಮದ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಇರಬೇಕಾದದ್ದು ಸಾರಾಂಶ ಮಾತ್ರ. ನೂರಾರು ಪುಟಗಳ ಪೂರ್ಣ ವರದಿ ಇಂಗ್ಲಿಷಿನಲ್ಲಿದ್ದರೆ ಸಾಕು. ಕೆಲವು ವರ್ಷಗಳ ಹಿಂದೆ ಬೇರೊಂದು ಯೋಜನೆಯ ಅಹವಾಲಿಗೆ ನಾನು ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರು ಸಾರಾಂಶದ ಹಾಳೆಗಳನ್ನು ಮಗುಚಿ, "ಇದರಲ್ಲಿ ನಮ್ಮೂರ ಹಳ್ಳದ ಹೆಸರೇ ಇಲ್ಲವಲ್ಲ ಶೆಟ್ರೇ, ದೊಡ್ಡ ಪುಸ್ತಕದಲ್ಲಿ ಇದೆಯೋ ನೋಡಿ" ಎಂದರು. ನೋಡಿದೆ. ಅದರಲ್ಲಿಯೂ ಇರಲಿಲ್ಲ. ಅವರ ತೋಟಕ್ಕೆ ನೀರುಣಿಸುವ ಹಳ್ಳ ವರದಿಯ ಪ್ರಕಾರ ಭೂಮಿಯ ಮೇಲೆಯೇ ಇರಲಿಲ್ಲ. ಅದನ್ನು ಎದ್ದು ಹೇಳಲು ಅವರಿಗೆ ಸಿಕ್ಕಿದ್ದು ಮೂರು ನಿಮಿಷ. ೨೦೨೦ರಲ್ಲಿ ಇಡೀ ಅಧಿಸೂಚನೆಯನ್ನೇ ಬದಲಿಸುವ ಕರಡನ್ನು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಹೊರಡಿಸಿದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು; ನಮ್ಮ ಉಚ್ಚ ನ್ಯಾಯಾಲಯವೂ ಅಂತಿಮ ಪ್ರಕಟಣೆಗೆ ತಡೆ ನೀಡಿತು. ಅಹವಾಲು ಸಭೆಗೆ ಕನಿಷ್ಠ ಹಾಜರಿಯ ನಿಯಮವಿಲ್ಲ, ಮತಗಣನೆಯೂ ಇಲ್ಲ. ಎಲ್ಲರೂ ಬೇಡವೆಂದರೂ ಆ ಮಾತು ನಡಾವಳಿಯ ಹಾಳೆಯಾಗಿ ಮೇಲಕ್ಕೆ ಹೋಗುತ್ತದೆ, ಅಷ್ಟೆ. ಬೇಡವೆಂದದ್ದಕ್ಕೆ ಕಾರಣಸಹಿತ ಉತ್ತರ ಬರೆಯಿರಿ, ಕನ್ನಡದಲ್ಲಿ ಬರೆಯಿರಿ ಎಂದು ಕೇಳುವ ಹಕ್ಕಾದರೂ ಜನರಿಗೆ ಬೇಡವೇ?

ಮಂಜೂರಾತಿಯ ಅನಂತರ

ಷರತ್ತುಗಳ ಪಾಲನೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಮಹಾಲೇಖಪಾಲರೇ ೨೦೧೬ರ ತಮ್ಮ ೩೯ನೆಯ ವರದಿಯಲ್ಲಿ ಈ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ, ಅಹವಾಲಿನಲ್ಲಿ ಎದ್ದ ಪ್ರಶ್ನೆಗಳು ಕಡತದಲ್ಲಿ ಸೊರಗುವುದನ್ನೂ ಮಂಜೂರಾತಿಯ ಬಳಿಕದ ಮೇಲ್ವಿಚಾರಣೆ ಸಡಿಲವಾಗಿರುವುದನ್ನೂ ಎತ್ತಿ ತೋರಿಸಿದ್ದಾರೆ. ಅನುಮತಿಯಿಲ್ಲದೆ ಕಟ್ಟಿ ಆಮೇಲೆ ಅನುಮತಿ ಬೇಡುವ ಪರಿಪಾಠವನ್ನು ಸರ್ವೋಚ್ಚ ನ್ಯಾಯಾಲಯ ೨೦೨೫ರ ಮೇ ೧೬ರಂದು ತಪ್ಪೆಂದಿತು. ಅದೇ ವರ್ಷದ ನವೆಂಬರ್ ೧೮ರಂದು ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಒಬ್ಬರು ಭಿನ್ನಮತ ಬರೆದರು. ನನ್ನ ಅಲ್ಪಮತಿಗೆ ಆ ಭಿನ್ನಮತವೇ ಸರಿ ಎನಿಸುತ್ತದೆ. ಕಟ್ಟಿದ ಮೇಲೆ ದೊರೆಯುವ ಅನುಮತಿ ಲೆಕ್ಕವಲ್ಲ, ಲೆಕ್ಕದ ತಿದ್ದುಪಡಿ.

ವಿರೋಧದ ಮಾತಿಗೆ ಉತ್ತರ

"ಹಾಗಾದರೆ ವಿದ್ಯುತ್ತು ಬೇಡವೇ? ಬಿಸಿಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಡವೇ?" ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಬೇಕು. ಕಲ್ಲಿದ್ದಲಿನ ಹೊಗೆಗಿಂತ ಅದು ಮೇಲು ಎಂಬುದನ್ನೂ ಒಪ್ಪುತ್ತೇನೆ. ಈ ಯೋಜನೆ ಬಂದೀತೋ ಬಾರದೋ ಎಂಬುದು ನನ್ನ ಚರ್ಚೆಯ ವಿಷಯವಲ್ಲ. ಕೂಡಿಡಲು ಬೇರೆ ತಾಣಗಳಿವೆಯೇ, ಬ್ಯಾಟರಿಯಂಥ ಬೇರೆ ವಿಧಾನಗಳಿಗೆ ತಗಲುವ ವೆಚ್ಚವೇನು, ಅಭಯಾರಣ್ಯದ ಹೃದಯವನ್ನೇ ಏಕೆ ಕೊರೆಯಬೇಕು ಎಂಬುದನ್ನು ನಿಷ್ಪಕ್ಷವಾಗಿ ಬರೆದು ತೋರಿಸಿ ಎಂಬಷ್ಟೇ ನನ್ನ ಒತ್ತಾಯ. ಲೆಕ್ಕ ಸರಿಯಿದ್ದರೆ ತೋರಿಸಲು ಅಂಜಿಕೆ ಏಕೆ?

ತಡವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಕರೂರಿನ ಜನ ಸೇತುವೆಗಾಗಿ ಕಾದ ೬೧ ವರ್ಷಗಳ ಮುಂದೆ, ಒಂದು ಪ್ರಾಮಾಣಿಕ ಅಧ್ಯಯನಕ್ಕೆ ಬೇಕಾಗುವ ಎರಡು ಮೂರು ವರ್ಷ ಯಾವ ಲೆಕ್ಕ?

ನಮ್ಮ ಪಾಲಿನ ಹೊಣೆ

ಶ್ರಾವಕನ ವ್ರತಗಳಿಗೆ ಅಂಟುವ ದೋಷಗಳನ್ನು ತತ್ತ್ವಾರ್ಥಸೂತ್ರ ಎಣಿಸಿದೆ. ಅವುಗಳಲ್ಲಿ ಸತ್ಯಾಣುವ್ರತದ ಎರಡು ಅತಿಚಾರಗಳು ವರ್ತಕನಿಗೆಂದೇ ಹೇಳಿದಂತಿವೆ. ಒಂದು ಕೂಟಲೇಖ, ಸುಳ್ಳು ಬರಹ. ಹಳ್ಳವಿರುವಲ್ಲಿ ಹಳ್ಳವಿಲ್ಲವೆಂದು ಬರೆಯುವ ವರದಿಗೆ ಬೇರೆ ಹೆಸರಿಲ್ಲ. ಇನ್ನೊಂದು ನ್ಯಾಸಾಪಹಾರ. ಇಟ್ಟ ಒಡವೆಯ ಮೊತ್ತ ಮರೆತವನು ಬಂದು ಕಡಿಮೆ ಕೇಳಿದಾಗ, ನಿಜವನ್ನು ಬಲ್ಲವನು ಸುಮ್ಮನೆ "ಆಗಲಿ, ಅಷ್ಟೇ ತೆಗೆದುಕೋ" ಎನ್ನುವುದು. ಬಾಯಲ್ಲಿ ಸುಳ್ಳು ಬಂದಿಲ್ಲ. ಆದರೂ ಅಪಹಾರ ಅಪಹಾರವೇ. ತಮಗೆ ಎಷ್ಟು ಸಲ್ಲಬೇಕೆಂದು ಅರಿಯದ ಮುಳುಗಡೆಯ ಜನರಿಗೆ ಅವರು ಕೇಳಿದಷ್ಟನ್ನೇ, ಅಥವಾ ಅದಕ್ಕೂ ಕಡಿಮೆ ಕೊಟ್ಟು ಖಾತೆ ಮುಗಿಸಿದ ನಾಡು, ಮತ್ತು ಆ ವಿದ್ಯುತ್ತಿನಲ್ಲಿ ಗಿರಣಿ ನಡೆಸಿ ಸುಮ್ಮನಿದ್ದ ನಮ್ಮಂಥವರು, ಈ ದೋಷದಿಂದ ಪಾರಾಗುವುದು ಹೇಗೆ?

ಸುಮ್ಮನಿರದ ವರ್ತಕರ ಉದಾಹರಣೆಯೂ ನಮ್ಮ ಪಕ್ಕದಲ್ಲಿಯೇ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ೧೯೮೧ರಲ್ಲಿ ವಿಜ್ಞಾನಿಗಳನ್ನೂ ಯೋಜನೆಯವರನ್ನೂ ಒಂದೆಡೆ ಕೂಡಿಸಿ, ತೋಟ, ಕಾಡುಗಳ ನಷ್ಟವನ್ನು ಜಮಾಖರ್ಚಿನ ರೂಪದಲ್ಲಿ ಮುಂದಿಟ್ಟು ಚರ್ಚಿಸಿತು. ಆ ಯೋಜನೆಯನ್ನು ಕೈಬಿಡಲಾಯಿತು. ಅಂದು ಕಾನೂನು ಕಡ್ಡಾಯ ಮಾಡಿರಲಿಲ್ಲ. ಅಡಿಕೆ ಮಾರುವವರೇ ಪರಿಸರದ ಲೆಕ್ಕ ಬರೆದರು.

ನಮ್ಮ ಸಮಾಜದಲ್ಲಿ ಲೆಕ್ಕಪರಿಶೋಧಕರು, ವಕೀಲರು, ಇಂಜಿನಿಯರರು ಪ್ರತಿಯೊಂದು ಪೇಟೆಯಲ್ಲಿಯೂ ಇದ್ದಾರೆ. ಮುಂದೆ ಅಹವಾಲು ಸಭೆಯ ಪ್ರಕಟಣೆ ಬಂದಾಗ ಆ ೩೦ ದಿನಗಳಲ್ಲಿ ವರದಿಯನ್ನು ತರಿಸಿ, ಪುಟ ಪುಟವಾಗಿ ತಾಳೆ ನೋಡಿ, ಬಿಟ್ಟುಹೋದ ಹಳ್ಳದ ಹೆಸರನ್ನು ಲಿಖಿತವಾಗಿ ಸಲ್ಲಿಸುವ ಕೆಲಸವನ್ನು ನಾವು ಮಾಡಬಾರದೇ? ಸಭೆಯಲ್ಲಿ ತಲೆದೂಗಿದ ಹಿರಿಯರನ್ನು ನಾನು ಬೇಡುವುದು ಇಷ್ಟೇ. ನನ್ನ ತಂದೆಯವರು ಮುಳುಗಿದ ಊರಿನವರ ಬಾಕಿಯನ್ನು ಬಿಟ್ಟುಕೊಟ್ಟರು. ಅದು ಅವರ ಧರ್ಮ. ಮುಳುಗಿದವರಿಗೆ ಸಲ್ಲಬೇಕಾದ ಬಾಕಿಯನ್ನು ಬಿಟ್ಟುಬಿಡುವ ಅಧಿಕಾರ ನನಗಾಗಲಿ ನಿಮಗಾಗಲಿ ಇಲ್ಲ. ಆ ಖಾತೆಪುಸ್ತಕವನ್ನು ನಾನು ಇನ್ನೂ ಮುಚ್ಚಿಲ್ಲ.